ನಾಣ್ಯ ಹೆತ್ತ ಅಚ್ಚು

ಆ ಗಾಯ ನಾನು ಮೊದಲ ದಿನವೇ ನೋಡಿದ್ದೆ. ಹದ್ದಿನ ರೆಕ್ಕೆ ಕೆಳಗೆ ಖಾಲಿ ಜಾಗದಲ್ಲಿ ಅಲ್ಪವಿರಾಮದ ಥರ ಬಾಗಿರೋ ಒಂದು ಪುಟ್ಟ ತಗ್ಗು, ಅದರ ಪಕ್ಕಕ್ಕೇ ಕೂದಲೆಳೆ ಅಷ್ಟು ಸಣ್ಣದೊಂದು ಗೀರು. 1877ರ ಅಮೆರಿಕನ್ ಟ್ರೇಡ್ ಡಾಲರ್ ಅದು, ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಎಸ್ ಅಕ್ಷರ ಇರೋದು. ಇಷ್ಟು ಹಳೇ ಬೆಳ್ಳಿ ನಾಣ್ಯಕ್ಕೆ ಒಂದು ಗಾಯವೂ ಇಲ್ಲ ಅಂದ್ರೆನೇ ನನಗೆ ಅನುಮಾನ ಬರೋದು, ಯಾಕಂದ್ರೆ ಅಚ್ಚಾದ ಕೂಡಲೇ ಚೀಲಕ್ಕೆ ಬಿದ್ದು ಒಂದಕ್ಕೊಂದು ಗುದ್ದಾಡಿ ತಾನೇ ಹೊರಗೆ ಬರ್ತವೆ, ಬ್ಯಾಗ್ ಮಾರ್ಕ್ ಅನ್ನೋದು ಅದನ್ನೇ. ಹಾಗಾಗಿ ಆ ತಗ್ಗು ನೋಡಿ ನನಗೆ ಸಮಾಧಾನನೇ ಆಗಿತ್ತು, ಪಾಪ ಎಲ್ಲೆಲ್ಲಿ ಓಡಾಡಿದ್ಯೋ ಅಂದ್ಕೊಂಡು ಅದರ ಮೇಲೆ ಬೆರಳು ಕೂಡ ಆಡಿಸಿದ್ದೆ.

ಪರೀಕ್ಷೆ ಮಾಡಲಿಲ್ಲ ಅಂತಲ್ಲ, ಎಲ್ಲಾ ಮಾಡಿದ್ದೆ. 420 ಗ್ರೇನ್ ಅಂತ ನಾಣ್ಯದ ಮೇಲೇ ಬರೆದಿರುತ್ತೆ, ಅಂದ್ರೆ 27.2 ಗ್ರಾಂ. ತಕ್ಕಡಿ 27.1 ತೋರಿಸ್ತು, ಸ್ವಲ್ಪ ಸವೆದಿದೆ ಅಲ್ವಾ ಸರಿ ಅಂದ್ಕೊಂಡೆ. ವ್ಯಾಸ 38.1 ಮಿಲಿಮೀಟರ್, ಕ್ಯಾಲಿಪರ್ ಕೂಡ ಹೂಂ ಅಂತು. ಅಯಸ್ಕಾಂತಕ್ಕೆ ಅಂಟಲಿಲ್ಲ. ಬೆರಳ ತುದಿ ಮೇಲೆ ಕೂರಿಸಿ ಮೆಲ್ಲಗೆ ತಟ್ಟಿದ್ರೆ ಬೆಳ್ಳಿಗೆ ಇರೋ ಆ ಉದ್ದನೆ ಠಣ್ಣ್ಣ್ ಅನ್ನೋ ದನಿ. ಕೊನೆಗೆ ದಾರ ಕಟ್ಟಿ ನೀರಲ್ಲಿ ಮುಳುಗಿಸಿ ತೂಗಿದೆ, 2.6 ಗ್ರಾಂ ಚಿಲ್ಲರೆ ಕಮ್ಮಿ ಆಯ್ತು, ಭಾಗಿಸಿ ನೋಡಿದ್ರೆ ಸಾಂದ್ರತೆ 10.3, ನೂರಕ್ಕೆ ತೊಂಬತ್ತು ಬೆಳ್ಳಿ ಹತ್ತು ತಾಮ್ರ ಇದ್ರೆ ಎಷ್ಟು ಬರ್ಬೇಕೋ ಅಷ್ಟೇ. ಇನ್ನೇನು ಬೇಕು ಹೇಳಿ. ಆಲ್ಬಂಗೆ ಹಾಕಿ ಮರ್ತೇಬಿಟ್ಟೆ.

ಎಂಟು ತಿಂಗಳಾದ್ಮೇಲೆ ಒಂದು ರಾತ್ರಿ ಸುಮ್ನೆ ಆನ್‌ಲೈನಲ್ಲಿ ಮಾರಾಟಕ್ಕಿರೋ ನಾಣ್ಯಗಳ ಫೋಟೋ ನೋಡ್ತಾ ಕೂತಿದ್ದೆ, ಬೇರೆ ಯಾರೋ ಮಾರ್ತಿರೋ ಟ್ರೇಡ್ ಡಾಲರ್ ಒಂದು ಕಾಣಿಸ್ತು, ಇಸವಿ 1875. ಫೋಟೋ ದೊಡ್ಡದು ಮಾಡಿದೆ. ಹದ್ದು, ರೆಕ್ಕೆ, ರೆಕ್ಕೆ ಕೆಳಗೆ ಅಲ್ಪವಿರಾಮ, ಪಕ್ಕದಲ್ಲಿ ಗೀರು. ಹೊಟ್ಟೆಲಿ ಏನೋ ತಣ್ಣಗಾದ ಹಾಗಾಯ್ತು. ನಂದನ್ನ ತಂದು ಸ್ಕ್ರೀನ್ ಪಕ್ಕ ಹಿಡಿದೆ. ಅದೇ ಜಾಗ, ಅದೇ ಬಾಗು, ಅದೇ ಉದ್ದ.

ಇದರಲ್ಲೇನು ಅಂಥದ್ದು ಅಂತ ಕೇಳಬಹುದು, ಟಂಕಸಾಲೆಗಳು ಹಿಂಭಾಗದ ಡೈನ ಎರಡು ಮೂರು ವರ್ಷ ಬಳಸಿರೋದು ಉಂಟು, ಒಂದೇ ಡೈ ಆದ್ರೆ ಒಂದೇ ಥರ ಇರುತ್ತೆ ತಾನೇ. ಇರುತ್ತೆ, ಆದ್ರೆ ಡೈಯಿಂದ ಬರೋ ಗುರುತು ಬೇರೆ, ಚೀಲದಿಂದ ಬರೋ ಗಾಯ ಬೇರೆ. ಡೈ ಅಂದ್ರೆ ಉಲ್ಟಾ ಚಿತ್ರ ಇರೋ ಉಕ್ಕಿನ ಅಚ್ಚು. ಅದು ಬಿರುಕು ಬಿಟ್ರೆ ಬೆಳ್ಳಿ ಆ ಬಿರುಕೊಳಗೆ ನುಗ್ಗುತ್ತೆ, ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಕಾಣುತ್ತೆ. ಡೈನ ಉಜ್ಜಿ ಪಾಲಿಷ್ ಮಾಡಿದ ಗೆರೆಗಳೂ ಉಬ್ಬಾಗೇ ಬರ್ತವೆ. ಆದ್ರೆ ನಾಣ್ಯದಲ್ಲಿ ತಗ್ಗು ಬರ್ಬೇಕು, ಅದೂ ಪ್ರತಿ ಸಲ ಅದೇ ಜಾಗಕ್ಕೆ ಬರ್ಬೇಕು ಅಂದ್ರೆ ಡೈ ಮೇಲೆ ಅಲ್ಲೊಂದು ಗುಬುಟು ಇರ್ಬೇಕು. ಉಕ್ಕಿನ ಡೈಗೆ ಏನಾದ್ರೂ ಬಡಿದ್ರೆ ಅದು ಕುಳಿ ಬೀಳುತ್ತೆ, ತಾನಾಗೇ ಯಾಕೆ ಉಬ್ಬುತ್ತೆ?

ಉಬ್ಬಿದೆ ಅಂದ್ರೆ ಆ ಡೈನ ಯಾರೂ ಕೆತ್ತಿಲ್ಲ, ಒಂದು ನಾಣ್ಯದಿಂದ ತೆಗೆದಿದ್ದಾರೆ.

ಇದಕ್ಕೆ ಟ್ರಾನ್ಸ್‌ಫರ್ ಡೈ ಅಂತಾರೆ. ಸರಿಯಾದ ಕ್ರಮದಲ್ಲಿ ಮೊದಲು ಕಲಾವಿದ ಮಾದರಿ ಮಾಡ್ತಾನೆ, ಅದರಿಂದ ಹಬ್ ಅನ್ನೋ ಉಬ್ಬಿದ ಮೂಲ ಅಚ್ಚು, ಹಬ್ಬಿಂದ ಡೈ, ಡೈಯಿಂದ ನಾಣ್ಯ. ಖೋಟಾ ಮಾಡೋನು ಇದನ್ನ ತಿರುವು ಮುರುವು ಮಾಡ್ತಾನೆ. ನಿಜವಾದ ನಾಣ್ಯವೊಂದನ್ನ ತಗೊಂಡು ಮೆತ್ತಗಿರೋ ಉಕ್ಕಿಗೆ ಭಾರಿ ಒತ್ತಡದಲ್ಲಿ ಒತ್ತಿಬಿಡ್ತಾನೆ, ಇಲ್ಲಾಂದ್ರೆ ಸ್ಪಾರ್ಕ್ ಎರೋಷನ್ ಅಂತ ವಿದ್ಯುತ್ ಕಿಡಿ ಹಾರಿಸಿ ಉಕ್ಕನ್ನ ಚೂರು ಚೂರೇ ತಿನ್ನಿಸಿ ಆ ನಾಣ್ಯದ ಆಕಾರ ಇಳಿಸ್ತಾನೆ, ಆಮೇಲೆ ಉಕ್ಕು ಗಟ್ಟಿ ಮಾಡಿದ್ರೆ ಡೈ ರೆಡಿ. ಮಗಳು ತಾಯಿನ ಹೆತ್ತ ಹಾಗೆ. ಬಲಿಯಾದ ಆ ಅಸಲಿ ನಾಣ್ಯಕ್ಕೆ ಹೋಸ್ಟ್ ಕಾಯಿನ್ ಅಂತ ಹೆಸರು, ಅದರ ಮುಖದ ಜೊತೆಗೆ ಅದು ಜೀವನದಲ್ಲಿ ತಿಂದ ಅಷ್ಟೂ ಪೆಟ್ಟು ಡೈಗೆ ಬಂದುಬಿಡುತ್ತೆ, ಅಲ್ಲಿಂದ ಹುಟ್ಟೋ ಎಲ್ಲಾ ಮರಿಗಳಿಗೂ ಅದೇ ಪೆಟ್ಟು. ಹುಟ್ಟುಮಚ್ಚೆ ಥರ.

ಆ ರಾತ್ರಿ ಮೈಕ್ರೋಸ್ಕೋಪ್ ತೆಗೆದು ಕೂತೆ. ಅಲ್ಲಿವರೆಗೂ ನಾನು ಆ ತಗ್ಗನ್ನ ಹತ್ತು ಪಟ್ಟಿನ ಲೂಪಲ್ಲಿ, ಅಂದ್ರೆ ಪುಟ್ಟ ಭೂತಗನ್ನಡಿಯಲ್ಲಿ, ಮೇಲಿಂದ ನೋಡಿದ್ದೆ ಅಷ್ಟೇ. ಈಗ ನಲವತ್ತು ಪಟ್ಟು ದೊಡ್ಡದು ಮಾಡಿ, ಬೆಳಕು ಒಂದು ಪಕ್ಕದಿಂದ ಓರೆಯಾಗಿ ಬೀಳೋ ಹಾಗೆ ಇಟ್ಟೆ. ನಿಜವಾದ ಪೆಟ್ಟು ಬಿದ್ದಾಗ ಲೋಹ ಎಲ್ಲಿಗಾದ್ರೂ ಹೋಗ್ಬೇಕಲ್ಲ, ಅದು ಅಂಚಿಗೆ ತಳ್ಳಿಸ್ಕೊಂಡು ಸಣ್ಣ ದಿಬ್ಬ ಕಟ್ಟುತ್ತೆ, ಉಗುರು ತಾಗಿಸಿದ್ರೆ ಚುರುಕ್ ಅನ್ನುತ್ತೆ, ತಗ್ಗಿನ ತಳ ಸುತ್ತಲಿನ ಮೈಗಿಂತ ಬೇರೆ ಥರ ಹೊಳೆಯುತ್ತೆ. ನನ್ನ ನಾಣ್ಯದಲ್ಲಿ ಅಂಚು ಸೋಪು ಕರಗಿದ ಹಾಗೆ ದುಂಡಗೆ, ದಿಬ್ಬ ಇಲ್ಲವೇ ಇಲ್ಲ, ಸುತ್ತಮುತ್ತ ಇರೋ ಮಂಕು ಹೊಳಪೇ ಒಂಚೂರೂ ಕಡಿಯದೆ ತಗ್ಗಿನೊಳಗೆ ಇಳಿದು ಆಚೆ ಕಡೆ ಹತ್ತಿ ಹೋಗಿತ್ತು. ಪೆಟ್ಟು ತಿಂದ ಗಾಯ ಅಲ್ಲ, ಪೆಟ್ಟಿನ ಫೋಟೋ. ಒಂದು ಸಲ ಕಂಡ್ಮೇಲೆ ಬೇರೆಯದೂ ಕಾಣೋಕೆ ಶುರುವಾಯ್ತು, ಮೈದಾನ, ಅಂದ್ರೆ ಚಿತ್ರ ಅಕ್ಷರ ಇಲ್ಲದ ಮಟ್ಟಸ ಜಾಗ, ನುಣ್ಣಗಿದೆ ಆದ್ರೆ ಅಕ್ಷರಗಳ ತಲೆ ಮೇಲೆ ಮಾತ್ರ ಮರಳು ಮರಳು, ಯಾಕಂದ್ರೆ ಡೈನಲ್ಲಿ ಮಟ್ಟಸ ಜಾಗ ಉಜ್ಜೋದು ಸುಲಭ, ಅಕ್ಷರ ಇರೋ ಗುಂಡಿಯ ತಳಕ್ಕೆ ಪಾಲಿಷ್ ಕಡ್ಡಿ ಹೋಗಲ್ಲ. ಒಂದು ನಕ್ಷತ್ರದ ಪಕ್ಕ ಚಿಕ್ಕ ಚಿಕ್ಕ ಉಬ್ಬು ಗೀಟುಗಳು, ಅಲ್ಲಿದ್ದ ಇನ್ಯಾವುದೋ ಗುಬುಟನ್ನ ಅವನು ಡೈ ಮೇಲೆ ಕೆರೆದು ತೆಗೆದಿದ್ದಾನೆ. ಅಲ್ಪವಿರಾಮ ಮಾತ್ರ ಅವನ ಕಣ್ಣು ತಪ್ಪಿಸ್ಕೊಂಡಿದೆ, ಅಥವಾ ಅದೂ ಇರಲಿ ಹಳೇದು ಅನ್ಸುತ್ತೆ ಅಂತ ಬೇಕಂತಲೇ ಬಿಟ್ಟಿದ್ದಾನೋ ಏನೋ. ನನ್ನಂಥೋರು ಅದನ್ನ ನೋಡಿ ಸಮಾಧಾನ ಪಟ್ಕೋತೀವಿ ಅಂತ ಗೊತ್ತಿದ್ರೆ ಅವನು ಜಾಣನೇ.

ನಕಲಿ ಅಂದ ಕೂಡಲೇ ಎಲ್ಲರಿಗೂ ಮೊದಲು ನೆನಪಾಗೋದು ಎರಕ. ಮೈಮೇಲೆ ಗುಳ್ಳೆ ಗುಳ್ಳೆ, ಅಕ್ಷರ ಮೊಂಡು, ಅಂಚಲ್ಲಿ ಹೊಲಿಗೆ ಥರ ಗೆರೆ, ಮುಟ್ಟಿದ್ರೆ ಜಿಡ್ಡು. ಅದನ್ನ ಹಿಡಿಯೋದು ಕಷ್ಟ ಅಲ್ಲ. ತಾಮ್ರದ ಲೇಪ ಹಾಕಿದ 1943ರ ಉಕ್ಕಿನ ಸೆಂಟೂ ಅಷ್ಟೇ, ಅಯಸ್ಕಾಂತ ಹತ್ರ ತಂದ್ರೆ ಟಕ್ ಅಂತ ಅಂಟ್ಕೊಂಡು ತಾನೇ ತಪ್ಪೊಪ್ಕೊಳ್ಳುತ್ತೆ. ಅಸಲಿ ನಾಣ್ಯಕ್ಕೇ ಬೇರೆ ಕಡೆಯಿಂದ ಒಂದು ಅಕ್ಷರ ಅಂಟಿಸಿ ಅಪರೂಪದ್ದು ಮಾಡೋದೂ ಇದೆ, 1916ರ ಡೈಮಿಗೆ, ಅಂದ್ರೆ ಹತ್ತು ಸೆಂಟಿನ ನಾಣ್ಯಕ್ಕೆ, ಡೆನ್ವರ್ ಟಂಕಸಾಲೆಯ ಡಿ ಸೇರಿಸೋದು, 1909ರ ಸೆಂಟಿಗೆ ಎಸ್ ಸೇರಿಸೋದು, ಅಕ್ಷರದ ಬುಡ ನೋಡಿದ್ರೆ ಸುಮಾರು ಸಲ ಗೊತ್ತಾಗುತ್ತೆ. ಡೈಯಿಂದ ಒತ್ತಿದ ನಕಲಿ ಅಷ್ಟು ಸುಲಭಕ್ಕೆ ಸಿಗಲ್ಲ. ಅದು ಒಂಟಿಯಾಗಿದ್ದಾಗ ಸುಳ್ಳು ಹೇಳಿ ದಕ್ಕಿಸ್ಕೊಳ್ಳುತ್ತೆ, ಸಿಕ್ಕಿಬೀಳೋದು ಅದರ ಅಣ್ಣತಮ್ಮಂದಿರು ಪಕ್ಕಕ್ಕೆ ಬಂದು ನಿಂತಾಗ. ಎರಡು ನಾಣ್ಯ ಒಂದೇ ಡೈದು ಆಗಿರ್ಬಹುದು, ಎರಡು ನಾಣ್ಯಕ್ಕೆ ಒಂದೇ ಗಾಯ ಇರೋಕಾಗಲ್ಲ.

ಸುತ್ತಿಗೆಯಲ್ಲಿ ಒಂದೊಂದಾಗಿ ಹೊಡೀತಿದ್ದ ಪ್ರಾಚೀನ ನಾಣ್ಯಗಳಿಗಂತೂ ಈ ಮಾತು ಇನ್ನೂ ಬಿಗಿಯಾಗಿ ಅನ್ವಯಿಸುತ್ತೆ. ಅಲ್ಲಿ ಒಂದೇ ಡೈಯ ಎರಡು ನಾಣ್ಯ ತಗೊಂಡ್ರೂ ಒಂದರಲ್ಲಿ ಚಿತ್ರ ಎಡಕ್ಕೆ ಸರಿದಿರುತ್ತೆ, ಇನ್ನೊಂದು ಅಂಚಲ್ಲಿ ಸೀಳಿರುತ್ತೆ, ಬಿಲ್ಲೆಯ ಆಕಾರ ಯಾವತ್ತೂ ಒಂದೇ ಇರಲ್ಲ. ಆಕಾರ, ಸೀಳು, ಚಿತ್ರ ಕೂತಿರೋ ಜಾಗ ಮೂರೂ ಒಂದೇ ಅಂತ ಕಂಡ್ರೆ ಅಲ್ಲಿಗೆ ಮುಗೀತು.

ಹೆಂಗೂ ಹಳೇ ಕಾಲದ ಮಾತು ಬಂತು. ಅಥೆನ್ಸಲ್ಲಿ ಕ್ರಿ.ಪೂ. 375ರ ಸುಮಾರಿಗೆ ಮಾಡಿದ ಬೆಳ್ಳಿ ನಾಣ್ಯದ ಕಾನೂನೊಂದು ಕಲ್ಲಿನ ಮೇಲೆ ಕೆತ್ತಿರೋದು ಸಿಕ್ಕಿದೆ. ಅದರ ಪ್ರಕಾರ ಪೇಟೆಯಲ್ಲಿ ನಾಣ್ಯ ಪರೀಕ್ಷೆ ಮಾಡೋಕೆ ಅಂತಲೇ ಸರ್ಕಾರದ ಒಬ್ಬ ಗುಲಾಮ ಕೂತಿರ್ಬೇಕು. ಒಳಗೆ ಕಂಚು ಅಥವಾ ಸೀಸ ಇಟ್ಟು ಮೇಲೆ ಬೆಳ್ಳಿ ಹೊದಿಸಿದ್ದು ಸಿಕ್ರೆ ಅಲ್ಲೇ ಅಡ್ಡಕ್ಕೆ ಕತ್ತರಿಸಿ ದೇವಮಾತೆಗೆ ಮೀಸಲು ಅಂತ ನಗರದ ಸಭೆಗೆ ಒಪ್ಪಿಸ್ಬೇಕು. ಕೆಲಸಕ್ಕೆ ಬಂದು ಕೂರಲಿಲ್ಲ, ಸರಿಯಾಗಿ ಪರೀಕ್ಷೆ ಮಾಡಲಿಲ್ಲ ಅಂದ್ರೆ ಅವನಿಗೆ 50 ಛಡಿ ಏಟು. ಈಗಿನ ಪರಿಣಿತರು ಯಾರಿಗೂ ಆ ಭಯ ಇಲ್ಲ ಬಿಡಿ.

ಕೈಯಲ್ಲೇ ಹೊಸದಾಗಿ ಡೈ ಕೆತ್ತಿ ಮೋಸ ಮಾಡಿದೋರದ್ದು ಇನ್ನೊಂದು ವಂಶ, ಅವರ ಬಗ್ಗೆ ನನಗೆ ಸಿಟ್ಟಿನ ಜೊತೆ ಒಂಥರಾ ಮೆಚ್ಚುಗೆನೂ ಇದೆ. 16ನೇ ಶತಮಾನದಲ್ಲಿ ಇಟಲಿಯ ಪಾದುವಾ ಊರಿನ ಜೊವಾನಿ ಕವಿನೋ ರೋಮನ್ ಕಂಚಿನ ನಾಣ್ಯಗಳ ಥರದ್ದನ್ನ ಕೆತ್ತಿ ಒತ್ತಿದ. ಅವನು ಮೋಸಕ್ಕೆ ಮಾಡಿದ್ನೋ ಕಲೆಗೆ ಮಾಡಿದ್ನೋ ಅನ್ನೋ ಜಗಳ ಇನ್ನೂ ಇದೆ, ಅವುಗಳಿಗೆ ಪಾದುವನ್ ಅಂತಲೇ ಹೆಸರು, ಈಗ ಅವನ್ನೇ ಹುಡುಕ್ಕೊಂಡು ಕೂಡಿಡೋರಿದ್ದಾರೆ. ಆದ್ರೆ ಕಾರ್ಲ್ ವಿಲ್ಹೆಲ್ಮ್ ಬೆಕರ್ ವಿಷಯದಲ್ಲಿ ಅನುಮಾನವೇ ಬೇಡ. 1772ರಲ್ಲಿ ಹುಟ್ಟಿ 1830ರಲ್ಲಿ ಸತ್ತ ಈ ಜರ್ಮನ್ ಮಹಾಶಯ ಗ್ರೀಕ್, ರೋಮನ್, ಮಧ್ಯಯುಗದ್ದು ಅಂತ ಮುನ್ನೂರಕ್ಕೂ ಹೆಚ್ಚು ಬಗೆಯ ನಾಣ್ಯಕ್ಕೆ ಡೈ ಕೆತ್ತಿದ್ದಾನೆ. ಕೆಲವು ಸಲ ಕಮ್ಮಿ ಬೆಲೆಯ ಅಸಲಿ ಹಳೇ ನಾಣ್ಯವನ್ನೇ ಬಿಲ್ಲೆಯಾಗಿ ಇಟ್ಟು ಅದರ ಮೇಲೆ ಒತ್ತುತಿದ್ದ, ಆಗ ಲೋಹನೂ ಹಳೇದೇ ಆಯ್ತಲ್ಲ. ಹೊಸ ನಾಣ್ಯದ ಚುರುಕು ಅಂಚು ಸವೆಸೋಕೆ ಅವನ್ನ ಕಬ್ಬಿಣದ ಪುಡಿ ತುಂಬಿದ ಡಬ್ಬಿಗೆ ಹಾಕಿ, ಡಬ್ಬಿನ ತನ್ನ ಕುದುರೆ ಗಾಡಿಗೆ ಕಟ್ಕೊಂಡು ಊರು ಸುತ್ತೋನಂತೆ, ನನ್ನ ಹಳೇ ಯಜಮಾನ್ರನ್ನ ಗಾಡಿ ಸವಾರಿಗೆ ಕರ್ಕೊಂಡು ಹೋಗಿ ಬರ್ತೀನಿ ಅಂತ ಹೇಳ್ಕೊಂಡು. ಅವನ ಡೈಗಳು ಈಗ ಬರ್ಲಿನ್ ಮ್ಯೂಸಿಯಮಲ್ಲಿವೆ, ಅದರಿಂದ ಒಂದು ದೊಡ್ಡ ಉಪಕಾರ ಆಗಿದೆ, ಬೆಕರ್ ಮಾಡಿದ್ದು ಅಂತ ಅನುಮಾನ ಬಂದ್ರೆ ತಾಳೆ ನೋಡೋಕೆ ತಾಯಿ ಅಲ್ಲೇ ಇದ್ದಾಳೆ. ನನ್ನ ಟ್ರೇಡ್ ಡಾಲರಿನ ತಾಯಿ ಎಲ್ಲಿದ್ದಾಳೋ ಯಾರಿಗೆ ಗೊತ್ತು.

ಕೆತ್ತೋನಿಗೂ ಕಾಪಿ ಹೊಡೆಯೋನಿಗೂ ಒಂದು ವ್ಯತ್ಯಾಸ ಇದೆ. ಕೆತ್ತಿದ ಡೈಯಲ್ಲಿ ಕೆತ್ತಿದೋನ ಕೈಬರಹ ಇರುತ್ತೆ, ಬೆಕರ್ ಮಾಡಿದ ದೇವರುಗಳ ಮುಖಕ್ಕೆ ಅವನ ಕಾಲದ ನಾಜೂಕು ಬಂದಿದೆ ಅಂತ ತಿಳಿದೋರು ಹೇಳ್ತಾರೆ. ಟ್ರಾನ್ಸ್‌ಫರ್ ಡೈನಲ್ಲಿ ಕೈಬರಹವೇ ಇಲ್ಲ, ಚಿತ್ರ ಪೂರಾ ಅಸಲಿದೇ. ಅದಕ್ಕೇ ಇದರಲ್ಲಿ ಚಂದ ನೋಡೋ ಕಣ್ಣು ಸಾಲಲ್ಲ, ಸಣ್ಣ ಸಣ್ಣ ತಪ್ಪನ್ನ ನೆನಪಲ್ಲಿಟ್ಕೊಳ್ಳೋ ಕಣ್ಣು ಬೇಕು. ಒಬ್ಬ ಮಾತ್ರ ಸುಮ್ನಿರಲಾರದೆ ಸಹಿ ಹಾಕಿದ್ದಾನೆ. 1907ರ ಅಮೆರಿಕದ 20 ಡಾಲರ್ ಚಿನ್ನದ ನಾಣ್ಯ, ಚಿತ್ರ ಜಾಸ್ತಿ ಉಬ್ಬಿರೋ ಹೈ ರಿಲೀಫ್ ಅನ್ನೋದು, ಅಸಲಿ ಹನ್ನೆರಡು ಸಾವಿರ ಚಿಲ್ಲರೆ ಮಾತ್ರ ಆಗಿದ್ದು. ಅದರ ನಕಲಿಯೊಂದು ಎಷ್ಟು ಚೆನ್ನಾಗಿತ್ತಂದ್ರೆ ಅನುಭವಸ್ಥರೇ ಮೋಸ ಹೋದ್ರು, ಆಮೇಲೆ ನೋಡಿದ್ರೆ ಹದ್ದಿನ ಉಗುರೊಳಗೆ ಒಂದು ಪುಟಾಣಿ ಗ್ರೀಕ್ ಒಮೆಗಾ ಅಕ್ಷರ! ಅವನು ಯಾರು ಅಂತ ಹೆಸರಿಲ್ಲ, ಒಮೆಗಾ ಅಂತಲೇ ಕರೀತಾರೆ. ಅಷ್ಟು ಕಷ್ಟಪಟ್ಟು ಮೋಸ ಮಾಡಿದೋನಿಗೂ ಇದು ನನ್ನ ಕೆಲಸ ಅಂತ ಎಲ್ಲಾದ್ರೂ ಬರೀಬೇಕು ಅನ್ಸಿದ್ಯಲ್ಲ, ನನಗೆ ಅದು ನಗುನೂ ತರಿಸುತ್ತೆ.

ಎಲ್ಲರಿಗಿಂತ ವಿಚಿತ್ರ ಅಂದ್ರೆ ಹೆನಿಂಗ್. 1950ರ ದಶಕದಲ್ಲಿ ನ್ಯೂಜೆರ್ಸಿಯ ಈ ಪುಣ್ಯಾತ್ಮ ಖೋಟಾ ಮಾಡಿದ್ದು ಚಿನ್ನ ಅಲ್ಲ ಬೆಳ್ಳಿ ಅಲ್ಲ, ಐದು ಸೆಂಟಿನ ಬಿಲ್ಲೆ. ಅಸಲಿ ನಾಣ್ಯದಿಂದಲೇ ಡೈ ತೆಗೆದ, ಯಾರು ತಾನೇ ಐದು ಸೆಂಟನ್ನ ತಿರುಗಿಸಿ ನೋಡ್ತಾರೆ ಅನ್ನೋ ಧೈರ್ಯ. ಆದ್ರೆ ಇಸವಿ ಆರಿಸೋವಾಗ 1944 ಆರಿಸಿಬಿಟ್ಟ. ಯುದ್ಧದ ಆ ವರ್ಷಗಳಲ್ಲಿ ನಿಕಲ್ ಉಳಿಸೋಕೆ ಅಂತ ಬೆಳ್ಳಿ ಮಿಶ್ರಣದಲ್ಲಿ ಮಾಡ್ತಿದ್ರು, ಗುರುತಿಗೆ ಹಿಂಭಾಗದ ಚಿತ್ರದಲ್ಲಿರೋ ಕಟ್ಟಡದ ಗುಮ್ಮಟದ ಮೇಲೆ ದೊಡ್ಡದಾಗಿ ಟಂಕಸಾಲೆಯ ಅಕ್ಷರ ಇರ್ತಿತ್ತು. ಹೆನಿಂಗ್ ಬೇರೆ ವರ್ಷದ ಹಿಂಭಾಗ ಜೋಡಿಸಿದ್ದ, ಗುಮ್ಮಟದ ಮೇಲೆ ಬೋಳು. 1955ರಲ್ಲಿ ಸಿಕ್ಕಿಬಿದ್ದ. ನದಿಗೆ ಸುರಿದು ಕೈ ತೊಳ್ಕೊಳ್ಳೋಕೆ ನೋಡಿದ ಅಂತಾರೆ. ಈಗ ಆ ಖೋಟಾ ಬಿಲ್ಲೆಗೆ ಅಸಲಿಗಿಂತ ಬೇಡಿಕೆ ಜಾಸ್ತಿ, ಲೋಕ ಹಿಂಗಿದೆ.

ಇನ್ನು ಅಸಲಿ ಡೈಯಿಂದಲೇ ಹುಟ್ಟಿದ ಸುಳ್ಳು ನಾಣ್ಯಗಳನ್ನ ಏನನ್ನಬೇಕು ನನಗಿನ್ನೂ ಗೊತ್ತಾಗಿಲ್ಲ. ಅಮೆರಿಕದ ಟಂಕಸಾಲೆ ಗುಜರಿಗೆ ಹಾಕಿದ ತುಕ್ಕು ಹಿಡಿದ 1803ರ ಡೈನ ಯಾರೋ ತಿದ್ದಿ 1804 ಮಾಡಿ, ಹಿಂಭಾಗಕ್ಕೆ 1820ರದ್ದು ಜೋಡಿಸಿ, 1860ರ ಸುಮಾರಿಗೆ ಒಂದು ಸೆಂಟ್ ಒತ್ತಿದ್ರು. ಡೈ ಎರಡೂ ಸರ್ಕಾರದ್ದೇ, ನಾಣ್ಯ ಮಾತ್ರ ಯಾರದ್ದೂ ಅಲ್ಲ. ಇನ್ನೊಂದು ತುದಿಗೆ ಮರಿಯಾ ತೆರೇಸಾ ಥಾಲರ್, ಆಸ್ಟ್ರಿಯಾದ ರಾಣಿಯ ಹೆಸರಿನ ಬೆಳ್ಳಿ ನಾಣ್ಯ. ರಾಣಿ ಸತ್ತಿದ್ದು 1780ರಲ್ಲಿ, ಆ ಇಸವಿ ಹಾಗೇ ಇಟ್ಕೊಂಡು ವಿಯೆನ್ನಾ ಮಾತ್ರ ಅಲ್ಲ, ರೋಮ್, ಲಂಡನ್, ಪ್ಯಾರಿಸ್, ಬಾಂಬೆ ಅಂತ ಎಲ್ಲೆಲ್ಲೋ ಒತ್ತಿದ್ರು, ಇವತ್ತಿಗೂ 1780 ಅಂತಲೇ ಒತ್ತಿ ಮಾರ್ತಾರೆ. ಬೆಳ್ಳಿ ಸರಿ, ತೂಕ ಸರಿ, ಇಸವಿ ಸುಳ್ಳು, ಆದ್ರೂ ಅದನ್ನ ಯಾರೂ ಖೋಟಾ ಅನ್ನಲ್ಲ.

ಡೈಗಳನ್ನೇ ಕೂಡಿಡೋರ ವಿಷಯಕ್ಕೆ ಬರ್ತೀನಿ, ನಾನು ಈ ಬರಹ ಶುರು ಮಾಡಿದ್ದೇ ಅದಕ್ಕೆ, ಎಲ್ಲೆಲ್ಲೋ ಹೋಗ್ಬಿಟ್ಟೆ. ಟಂಕಸಾಲೆಗಳು ಕೆಲಸ ಮುಗಿದ ಡೈಯ ಮುಖ ಕೆಡಿಸ್ತವೆ, ಅಡ್ಡಡ್ಡ ಗೀರಿ, ಉಳಿ ಹೊಡೆದು, ಇಲ್ಲ ಪೂರ್ತಿ ಉಜ್ಜಿ. 1999ರಲ್ಲಿ ಅಮೆರಿಕದ ಕಾರ್ಸನ್ ಸಿಟಿಯ ಹಳೇ ಟಂಕಸಾಲೆ ಅಂಗಳ ಅಗೆದಾಗ ಹೀಗೆ ಕೆಡಿಸಿ ಹೂತಿದ್ದ ನೂರಾರು ಡೈ ಸಿಕ್ವು. ಕೆಡಿಸದ ಹಳೇ ಡೈ ಅಷ್ಟು ಅಪರೂಪ ಅಂದ್ಮೇಲೆ ಅದರ ನಕಲಿ ಬರದೇ ಇರುತ್ತಾ. ಮಾರೋಕಿಟ್ಟಿರೋ ಡೈ ನೋಡಿ, ಬಣ್ಣ ನೋಡ್ಬೇಡಿ ತುಕ್ಕು ನೋಡ್ಬೇಡಿ, ತುಕ್ಕು ಹಿಡಿಸೋಕೆ ಉಪ್ಪುನೀರು ಸಾಕು. ಅದರ ಮಟ್ಟಸ ಮೈ ಮೇಲೆ ಸಣ್ಣ ಸಣ್ಣ ಗುಬುಟು ಇದ್ಯಾ ನೋಡಿ. ಚೀಲದೊಳಗೆ ಯಾವತ್ತೂ ಹೋಗದ ಡೈಗೆ ಚೀಲದ ಗಾಯ ಉಲ್ಟಾ ಬಂದಿದೆ ಅಂದ್ರೆ ಅದು ನಾಣ್ಯ ಹೆತ್ತ ಅಚ್ಚು. ಕೂದಲು, ಗರಿ ಇಂಥ ಜಾಗದಲ್ಲಿ ಆಳ ಕಮ್ಮಿ ಇದ್ರೂ ಅಷ್ಟೇ, ಹೋಸ್ಟ್ ನಾಣ್ಯ ಸವೆದಿದ್ದ ಜಾಗ ಅದು. ಹೊಸ ಡೈ ಸವಕಲು ಮುಖದಲ್ಲಿ ಹುಟ್ಟೋದು ಹೇಗೆ ಸಾಧ್ಯ.

ನಾಣ್ಯ ಪರೀಕ್ಷೆ ಮಾಡಿ ದರ್ಜೆ ಕೊಡೋ ಗ್ರೇಡಿಂಗ್ ಕಂಪನಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿರೋದೇ ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ, ನಾನೂ ಹೇಳ್ತೀನಿ, ಆದ್ರೆ ಡಬ್ಬಿಗೂ ನಕಲಿ ಬಂದಿದೆ, ಡಬ್ಬಿ ಮೇಲಿನ ನಂಬರ್ ಹಾಕಿದ್ರೆ ಕಂಪನಿಯ ವೆಬ್‌ಸೈಟಲ್ಲಿ ಅಸಲಿ ನಾಣ್ಯದ ವಿವರನೇ ಬರುತ್ತೆ ಯಾಕಂದ್ರೆ ನಂಬರೂ ಕದ್ದಿದ್ದು. ಅಲ್ಲೂ ಕೊನೆಗೆ ಉಳಿಯೋದು ಫೋಟೋ ಪಕ್ಕ ನಾಣ್ಯ ಇಟ್ಟು ಗಾಯಕ್ಕೆ ಗಾಯ ತಾಳೆ ನೋಡೋದೇ.

ನನಗೆ ಮಾರಿದೋನಿಗೆ ಫೋಟೋಗಳ ಸಮೇತ ಬರೆದೆ. ಅವನು ಎರಡು ದಿನ ಬಿಟ್ಟು ದುಡ್ಡು ವಾಪಸ್ ಕಳಿಸಿದ, ನಾಣ್ಯ ಬೇಡ ನೀವೇ ಇಟ್ಕೊಳ್ಳಿ ಅಂದ, ಪಾಪ ಅವನಿಗೂ ಯಾರೋ ನಾಮ ಹಾಕಿದ್ರು ಅನ್ಸುತ್ತೆ. ಆಲ್ಬಮ್ಮಿಂದ ತೆಗೆದು ಬೇರೆ ಡಬ್ಬಿಗೆ ಹಾಕಿದ್ದೀನಿ, ಮೇಲೆ ನಕಲಿ ಅಂತ ದೊಡ್ಡದಾಗಿ ಬರೆದಿದ್ದೀನಿ, ನಾನು ಸತ್ಮೇಲೆ ಇನ್ಯಾರಿಗೋ ಅಸಲಿ ಅಂತ ಹೋಗಬಾರದು ನೋಡಿ. 1875ರದ್ದನ್ನ ಮಾರ್ತಿದ್ದೋನಿಗೂ ಬರೆದೆ, ಉತ್ತರ ಬರಲಿಲ್ಲ, ಅದು ಎರಡೇ ದಿನಕ್ಕೆ ಬಿಕರಿ ಆಯ್ತು.

ಹೋದ ವಾರ ಮೂರನೇದು ಕಾಣಿಸ್ತು. ಇಸವಿ 1876, ಹಿಂದೆ ಅದೇ ಎಸ್, ಅದೇ ಅಲ್ಪವಿರಾಮ. ಆದ್ರೆ ಈ ಸಲ ಅಲ್ಪವಿರಾಮದ ಬಾಲದಿಂದ ರೆಕ್ಕೆ ಕಡೆಗೆ ಕೂದಲಿಗಿಂತ ಸಪೂರ ಒಂದು ಉಬ್ಬಿದ ಗೆರೆ ಇದೆ, ನನ್ನದರಲ್ಲೂ ಇಲ್ಲ, 1875ರದ್ದರಲ್ಲೂ ಇರಲಿಲ್ಲ. ಅವನ ಡೈ ಬಿರುಕು ಬಿಡೋಕೆ ಶುರುವಾಗಿದೆ. ಅಂದ್ರೆ 1876 ಅಂತ ಬರೆದಿರೋ ಇದು 1877 ಅಂತ ಬರೆದಿರೋ ನನ್ನದಕ್ಕಿಂತ ಆಮೇಲೆ ಹುಟ್ಟಿದ್ದು. ಮೂರೂ ಫೋಟೋನ ಒಂದು ಫೋಲ್ಡರಲ್ಲಿ ಹುಟ್ಟಿದ ವರಸೆಯಲ್ಲಿ ಜೋಡಿಸಿ ಇಟ್ಟಿದ್ದೀನಿ, ಮುಂದಿನದು ಬಂದಾಗ ಆ ಬಿರುಕು ರೆಕ್ಕೆ ದಾಟಿರುತ್ತೋ ಇಲ್ವೋ ನೋಡ್ಬೇಕು.